ಅಳತೆ ಕೊಟ್ಟು ಹೊಲಿಸಿದ ಹೆಣ

ಹೆಣದ ಪಾತ್ರಕ್ಕೆ ಜನ ಸಿಗಲಿಲ್ಲ. ಮಾತಿಲ್ಲ, ಓಡಾಟವಿಲ್ಲ, ಬಾಯಿಪಾಠದ ತಾಪತ್ರಯವಿಲ್ಲ, ಕಣ್ಣು ಮುಚ್ಚಿ ಮಲಗಿದರೆ ಮುಗಿಯಿತು. ಆದರೂ ಒಬ್ಬ ಗಂಡಸೂ ತಾನಾಗಿ ಮುಂದೆ ಬರಲಿಲ್ಲ. ಒಪ್ಪಿಕೊಂಡಿದ್ದವನು ಗುಂಡ್ಲುಪೇಟೆಯ ಟೈಪಿಂಗ್ ಮೇಷ್ಟ್ರು ಒಬ್ಬನೇ. ಅವನೂ ಬುಧವಾರ ಬೆಳಗ್ಗೆ ರಿಹರ್ಸಲಿಗೆ ಬಂದು ಹೊಸ್ತಿಲಾಚೆಯೇ ನಿಂತ.

"ಮೇಡಂ, ನಮ್ಮನೇವ್ಳು ಬಸ್ರಿ. ಬಸ್ರಿ ಹೆಂಗ್ಸಿನ ಗಂಡ ಹೆಣಕ್ಕೆ ಹೆಗಲು ಕೊಡಬಾರ್ದು ಅಂತಾರೆ. ನೀವು ನೋಡುದ್ರೆ ಹೆಣಾನೇ ಆಗು ಅಂತೀರಿ. ನಮ್ಮವ್ವ ನೆನ್ನೆಯಿಂದ ಊಟ ಬುಟ್ಟು ಕುಂತವ್ಳೆ."

ನಾನು ಬಾಯಿ ತೆರೆಯುವುದರೊಳಗೆ ಅವನು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದ. ನನಗೆ ಮೈಯೆಲ್ಲ ಉರಿಯಿತು. ಪ್ರದರ್ಶನ ಬರುವ ಭಾನುವಾರ ಸಂಜೆ.

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಆ ಹುಮ್ಮಸ್ಸಿನಲ್ಲಿ ನಮ್ಮ ಹವ್ಯಾಸಿ ತಂಡ ಹುಚ್ಚು ಕಾರ್ಯಕ್ರಮವೊಂದನ್ನು ತಲೆಯ ಮೇಲೆ ಹೊತ್ತುಕೊಂಡಿತ್ತು. ಸೋಮವಾರ ಚೀಟಿ ಎತ್ತಿ ಒಬ್ಬ ನಾಟಕಕಾರರಿಗೆ ಒಬ್ಬ ನಿರ್ದೇಶಕರನ್ನು ಜೋಡಿ ಮಾಡುವುದು, ಅಲ್ಲೇ ಒಂದು ವಿಷಯ ಕೊಡುವುದು, ಬುಧವಾರದೊಳಗೆ ಹೊಸ ಕಿರುನಾಟಕ ಬರೆದು ಮುಗಿಸುವುದು, ಭಾನುವಾರ ಆಡುವುದು. ಒಂದೊಂದಕ್ಕೂ ಹದಿನೈದು ನಿಮಿಷ. ಮೀರಿದರೆ ಗಂಟೆ ಬಾರಿಸಿ ದೀಪ ಆರಿಸಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ನಾವು ಆತುರವನ್ನೇ ನಿಯಮ ಮಾಡಿಕೊಂಡಿದ್ದೆವು. ಬಂದವರಾದರೂ ಎಂಥೆಂಥವರು! ಇಂಗ್ಲಿಷ್ ಉಪನ್ಯಾಸಕರಿದ್ದರು, ಊರೂರು ತಿರುಗಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರಿದ್ದರು, ಭೀಮನಬೀಡಿನಿಂದ ಬೈಕಿನಲ್ಲಿ ಬರುತ್ತಿದ್ದ ಅರಿಶಿನ ಬೆಳೆಗಾರರಿದ್ದರು. ನಿರ್ದೇಶಕರ ಪೈಕಿ ಹೆಂಗಸು ನಾನೊಬ್ಬಳೇ.

ನನ್ನ ಪಾಲಿಗೆ ಬಂದ ನಾಟಕಕಾರರು ಗುಂಡ್ಲುಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಸಾಹೇಬರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಘಟ್ಟದಾಚೆಯ ಗಿರಾಕಿ ಬಂದರೆ ಮಲಯಾಳ. ಬರೆಯುವುದು ಮಾತ್ರ ಕನ್ನಡದಲ್ಲಿ. ನಮಗೆ ಸಿಕ್ಕ ವಿಷಯ 'ಸಾವಿನ ಮನೆ'. ಅವರು ಮಂಗಳವಾರ ಸಂಜೆಗೇ ನಾಟಕ ಮುಗಿಸಿ ಕೈಗಿಟ್ಟರು. ದೂರದೂರಿನಲ್ಲಿ ಸತ್ತ ಗಂಡನ ಹೆಣ ಮನೆಗೆ ಬರುತ್ತದೆ. ಊರವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮಾತು ಆಡಿ ಹೋಗುತ್ತಾರೆ. ಎಲ್ಲರೂ ಹೋದ ಮೇಲೆ ಹೆಂಡತಿ ಹೆಣದ ಎದುರು ಕೂತು ಹಾಡಿಕೊಂಡು ಅಳುತ್ತಾಳೆ. ಅಷ್ಟೇ ನಾಟಕ.

ಹಾಗೆ ಅಳಬಲ್ಲವಳು ಸಿಗುವುದೇ ಕಷ್ಟ. ಸಾಹೇಬರೇ ಒಬ್ಬಳನ್ನು ಕರೆತಂದಿದ್ದರು. ಹಂಗಳದವಳು, ಗುಂಡ್ಲುಪೇಟೆಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವಳು. ಸುತ್ತಮುತ್ತ ಎಲ್ಲಿ ಸಾವಾದರೂ ಅವಳನ್ನು ಕರೆಯುತ್ತಿದ್ದರಂತೆ. ಮೂವತ್ತೈದರ ಆಸುಪಾಸು, ಹಣೆಯಲ್ಲಿ ದೊಡ್ಡ ಕುಂಕುಮ, ಕೈತುಂಬ ಹಸಿರು ಬಳೆ. ಕಡಿಮೆ ಮಾತು. ಹೇಳಿಕೊಟ್ಟದ್ದನ್ನು ಒಂದೇ ಸಲಕ್ಕೆ ಹಿಡಿಯುತ್ತಿದ್ದಳು. ಅಳುವ ಜಾಗ ಬಂದಾಗ ಮಾತ್ರ, "ಇಲ್ಲಿ ಅಳ್ತೀನಿ ಕಣಕ್ಕ," ಎಂದು ಹೇಳಿ ಸುಮ್ಮನೆ ಕೂರುತ್ತಿದ್ದಳು.

"ಅಳು ಮತ್ತೆ," ಅಂದೆ.

"ಯಾರ್ ಮುಂದೆ ಅಳ್ಲಿ? ಹೆಣ ಇಲ್ದೆ ಅಳಬಾರ್ದು. ಅತ್ರೆ ಮನೆಗೊಂದು ಹೆಣ ಕೇಳ್ತದೆ."

ಟೈಪಿಂಗ್ ಮೇಷ್ಟ್ರು ಓಡಿಹೋದ ಮೇಲೆ ದಿಂಬು ಇಟ್ಟು ನೋಡಿದೆವು. ದಿಂಬಿನ ಮುಂದೆ ಅವಳು ಬಾಯಿ ಬಿಡಲಿಲ್ಲ. ಆಗ ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು.

"ಮೇಡಂ, ಹತ್ತಿ ನಂದು, ಬಟ್ಟೆ ನಂದು, ಸೂಜಿ ನಂದು. ಹೆಣಕ್ಕೆ ಯಾಕೆ ಊರೆಲ್ಲ ಅಲೀತೀರಾ? ನಾಳೆ ಮಧ್ಯಾಹ್ನಕ್ಕೆ ನಾನೇ ಹೊಲಿದು ಕೊಡ್ತೀನಿ. ಅಳತೆ ಹೇಳಿ."

ಹೆಣದ ಅಳತೆ ನನಗೆಲ್ಲಿ ಗೊತ್ತು? ಅಳುವವಳು ನೀನು, ನೀನೇ ಹೇಳು ಎಂದು ಹಂಗಳದವಳ ಕಡೆ ತಿರುಗಿದೆ. ಅವಳು ಎದ್ದು ನಿಂತಳು. ಅಂಗೈಯನ್ನು ತನ್ನ ತಲೆಗಿಂತ ಗೇಣೆತ್ತರಕ್ಕೆ ಹಿಡಿದು, "ಇಷ್ಟುದ್ದ," ಅಂದಳು. ಆ ಕೈ ಸ್ವಲ್ಪವೂ ಅತ್ತಿತ್ತ ಹೋಗಲಿಲ್ಲ. ಸಾಹೇಬರು ಟೇಪು ಹಿಡಿದು ನೆಲದಿಂದ ಅಂಗೈವರೆಗೆ ಅಳೆದುಕೊಂಡರು.

ನಮ್ಮ ರಿಹರ್ಸಲ್ ನಡೆಯುತ್ತಿದ್ದದ್ದು ಅಂಗಡಿಯ ಹಿಂದಿನ ಹತ್ತಿ ಗೋದಾಮಿನಲ್ಲಿ. ಗೋಡೆಯುದ್ದಕ್ಕೂ ಹತ್ತಿ ಬಿಗಿದ ಬೇಲುಗಳು, ನಡುವೆ ನಾಟಕಕ್ಕೆ ಸಾಕಾಗುವಷ್ಟು ಜಾಗ. ಅಲ್ಲಿ ಎಷ್ಟು ಗಟ್ಟಿಯಾಗಿ ಕೂಗಿದರೂ ದನಿ ಹತ್ತಿಯೊಳಗೆ ಇಂಗಿಹೋಗುತ್ತಿತ್ತು. ಮಾತಾಡಿದವರು ತಮ್ಮ ಮಾತು ಹೊರಬಿತ್ತೋ ಇಲ್ಲವೋ ಎಂದು ಒಂದು ಕ್ಷಣ ತಡೆದು ನೋಡುತ್ತಿದ್ದರು. ಗುರುವಾರ ಮಧ್ಯಾಹ್ನ ಆ ಗೋದಾಮಿನ ನಡುವೆ, ಚಾಪೆಯ ಮೇಲೆ, ಸಾಹೇಬರು ಹೊಲಿದ ಹೆಣ ಮಲಗಿತ್ತು.

ಕಸುಬುದಾರರ ಕೆಲಸ. ಕೈಕಾಲಿಗೆ ಒತ್ತಿ ತುಂಬಿದ ಹತ್ತಿ, ಹೊಟ್ಟೆಗೆ ಬೂರುಗದ ಹತ್ತಿ, ತೂಕಕ್ಕೆಂದು ಸೊಂಟದಲ್ಲಿ ಮರಳಿನ ಚೀಲ. ಮೇಲೆ ಹಳೆಯ ಪಂಚೆ, ಅಂಗಿ. ಮುಖಕ್ಕೆ ಕಣ್ಣು ಮೂಗು ಏನೂ ಬೇಡ ಎಂದು ನಾನೇ ಹೇಳಿದ್ದೆ. ಬರಿಯ ಬಟ್ಟೆಯ ಉಂಡೆ. ಬಾಗಿಲಲ್ಲಿ ನಿಂತು ನೋಡಿದರೆ ಎದೆ ಧಸಕ್ಕೆಂದಿತು. ಹತ್ತಿರ ಹೋದ ಮೇಲೆ ನಗು ಬಂತು.

ಹಂಗಳದವಳು ನಗಲಿಲ್ಲ. ಸುತ್ತ ಒಂದು ಸಲ ನಡೆದು ಬಂದಳು.

"ಸಾಬ್ರೆ, ಬಲಗಡೆ ಭುಜ ಒಂಚೂರು ಕೆಳೀಕೆ ಬರ್ಲಿ."

ಸಾಹೇಬರು ದಬ್ಬಣ ತೆಗೆದು ಹೊಲಿಗೆ ಬಿಚ್ಚಿ ಭುಜ ಇಳಿಸಿದರು.

"ಎಡಗಾಲು ಎಲ್ಡು ಬೆಳ್ಳು ಮೋಟು ಮಾಡಿ. ಪಾದ ಒಳೀಕೆ ತಿರಗ್ಲಿ."

ಅದನ್ನೂ ಮಾಡಿದರು. ಗಿರಾಕಿ ಇಷ್ಟು ಕರಾರುವಾಕ್ಕಾಗಿ ಹೇಳಿದರೆ ಕೆಲಸ ಮಾಡಲು ಖುಷಿ ಎಂದು ಅವರಿಗೆ ಸಂತೋಷ. ನನಗಂತೂ ಹೆಮ್ಮೆ. ಅಡುಗೆ ಮಾಡುವ ಹೆಂಗಸಿನೊಳಗೆ ಎಂಥ ನಟಿ ಇದ್ದಾಳೆ, ಇಲ್ಲದ ಗಂಡನನ್ನು ಹೇಗೆ ಕಲ್ಪಿಸಿಕೊಳ್ಳುತ್ತಿದ್ದಾಳೆ ಎಂದು ಬಸ್ಸಿನುದ್ದಕ್ಕೂ ಬೀಗುತ್ತಾ ಚಾಮರಾಜನಗರಕ್ಕೆ ಮರಳಿದೆ. ಕಣ್ಣಿದ್ದೂ ಕುರುಡಿ ಅಂದರೆ ಇದೇ.

ಶುಕ್ರವಾರ ಗೋದಾಮಿನ ಗಾಳಿಯೇ ಬದಲಾಗಿತ್ತು. ಹೆಣದ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಹೊದಿಸಿದ್ದು ನಾವಲ್ಲ. ತಲೆಯ ಹತ್ತಿರ ಆರಿಹೋದ ಮಣ್ಣಿನ ಹಣತೆಯೊಂದಿತ್ತು. ಹತ್ತಿಯ ನಡುವೆ ಬೆಂಕಿ ಹಚ್ಚಿದವರು ಯಾರು ಎಂದು ಸಾಹೇಬರು ಕೂಗಾಡಿದರು. ಬೇಲು ಇಳಿಸುವ ಹಮಾಲಿಗಳು ತಲೆ ತಗ್ಗಿಸಿ ನಿಂತರೇ ಹೊರತು ಒಬ್ಬರೂ ಉಸಿರು ಬಿಡಲಿಲ್ಲ. ಸದಾ ಸಿಳ್ಳೆ ಹಾಕಿಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು ಓಡಾಡುವವರು ಆ ದಿನ ಚಪ್ಪಲಿ ಹೊರಗೆ ಬಿಟ್ಟು, ತಲೆಯ ಟವೆಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಒಳಗೆ ಬರುತ್ತಿದ್ದರು. ಊರವರ ಪಾತ್ರ ಮಾಡುವ ನಮ್ಮ ನಟರ ದನಿಯೂ ಇಳಿದಿತ್ತು. ಮೂರು ಸಲ ಹೇಳಿದರೂ ಹೆಣದ ಕಾಲ ಕಡೆಯಿಂದ ದಾಟಲು ಒಬ್ಬರೂ ಒಪ್ಪಲಿಲ್ಲ. ನಾನು ಹಾಕಿದ್ದ ಚಲನೆಗಳನ್ನೆಲ್ಲ ಬದಲಾಯಿಸಬೇಕಾಯಿತು.

ನನಗೆ ಇನ್ನೊಂದು ತಲೆನೋವಿತ್ತು. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಕೊಳ್ಳುವ ಶಕ್ತಿ ನಮ್ಮ ತಂಡಕ್ಕಿರಲಿಲ್ಲ. ಅದರ ಬದಲು ದೀಪದ ಕರೆಂಟು ಉಪ್ಪುನೀರಿನಲ್ಲಿ ಹಾಯುವ ಹಾಗೆ ಮಾಡಿಕೊಂಡಿದ್ದೆವು: ಉಪ್ಪಿನಕಾಯಿ ಜಾಡಿಯಲ್ಲಿ ಉಪ್ಪುನೀರು ತುಂಬಿ, ತಳದಲ್ಲೊಂದು ತಗಡು, ಮೇಲಿಂದ ದಾರಕ್ಕೆ ಕಟ್ಟಿ ಇಳಿಬಿಟ್ಟ ಇನ್ನೊಂದು ತಗಡು. ಮೇಲಿನದು ಇಳಿದಂತೆ ಬೆಳಕು ಏರುತ್ತದೆ, ಎತ್ತಿದರೆ ಆರುತ್ತದೆ. ಹೆಚ್ಚು ಹೊತ್ತು ಓಡಿಸಿದರೆ ನೀರು ಕಾದು ಬೆಳಕು ತಾನಾಗಿಯೇ ಏರಿಬಿಡುತ್ತದೆ. ಹಾಗಾಗಿ ಅಳು ಎಷ್ಟು ಹೊತ್ತಿನದು ಎಂದು ನನಗೆ ಮೊದಲೇ ಗೊತ್ತಾಗಬೇಕಿತ್ತು.

"ಈಗ ಹೆಣ ಇದೆಯಲ್ಲ, ಅಳು," ಎಂದು ಗದರಿದೆ.

"ಅಳು ಒಂದ್ಸಲುಕ್ಕೇಯ ಕಣಕ್ಕ. ಒಂದ್ ಹೆಣದ ಮುಂದೆ ಎಲ್ಡ್ ದಪ ಅಳಾಕಿಲ್ಲ. ಬಾನುವಾರ ಅಳ್ತೀನಿ ಬುಡಿ."

ಶನಿವಾರ ಬೆಳಗ್ಗೆ ಅವಳಿನ್ನೂ ಬಂದಿರಲಿಲ್ಲ. ನಾನು, ಸಾಹೇಬರು ಹೆಣದ ಪಕ್ಕ ಕೂತು ನಾಟಕದ ಮಾತುಗಳನ್ನು ಕತ್ತರಿಸಿ ಚಿಕ್ಕದು ಮಾಡುತ್ತಿದ್ದೆವು. ಸಾಹೇಬರ ಹೆಂಡತಿ ಚಹಾ ತಂದರು. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟವರು ನಿಂತುಬಿಟ್ಟರು. ಬಟ್ಟೆ ಸರಿದು ಹೆಣದ ಕಾಲು, ಭುಜ ಕಾಣುತ್ತಿದ್ದವು. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೆಲ್ಲಗೆ ಉರ್ದುವಿನಲ್ಲಿ ಏನೋ ಕೇಳಿದರು. ಸಾಹೇಬರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ಏನಂದ್ರು?" ಅಂದೆ.

ಅವರು ಪೆನ್ನು ಎತ್ತಿಕೊಂಡರು. "ನಮ್ಮಲ್ಲಿ ಬೇಲು ಇಳಿಸ್ತಿದ್ನಲ್ಲ ಆ ಹಂಗಳದವನು, ಯಾವಾಗ ತೀರಿಕೊಂಡ ಅಂತ ಕೇಳ್ತಾ ಇದಾಳೆ."

ಕಣ್ಣಿಲ್ಲದ, ಮೂಗಿಲ್ಲದ ಬೊಂಬೆಯನ್ನು ಆಕೆ ಗುರುತು ಹಿಡಿದಿದ್ದರು. ಬೇಲು ಹೊತ್ತು ಹೊತ್ತು ಬಲಭುಜ ಜಾರಿದ, ಎಡಗಾಲು ಎಳೆದು ನಡೆಯುತ್ತಿದ್ದ ಹಮಾಲಿ. ಸಾಹೇಬರು ತಮ್ಮ ಕೈಯಾರೆ ಅವನ ಮೈ ಹೊಲಿದಿದ್ದರು, ಅವರಿಗೇ ತಿಳಿದಿರಲಿಲ್ಲ. ಜೊತೆಯಲ್ಲಿ ದುಡಿದ ಹಮಾಲಿಗಳಿಗೆ ಶುಕ್ರವಾರವೇ ತಿಳಿದಿತ್ತು. ಹಾಡುಹಗಲು, ಹೊರಗೆ ಬಸ್ಸುಗಳ ಹಾರನ್ನು, ಆದರೂ ಆ ಚಾಪೆಯ ಪಕ್ಕದಿಂದ ಎದ್ದು ದೂರ ಕೂತೆ.

ಉಳಿದದ್ದನ್ನು ಸಾಹೇಬರು ಹೇಳಿದರು. ಆ ಹಮಾಲಿ ನಮ್ಮ ಹಂಗಳದವಳ ಗಂಡ ಎಂಬುದು ಅವರಿಗೆ ಗೊತ್ತಿತ್ತು, ನೆನಪಿಗೆ ಬಂದಿರಲಿಲ್ಲ. ಕೆಲವು ವರ್ಷಗಳ ಹಿಂದೆ ಶುಂಠಿ ಹೊಲದ ಕೂಲಿಗೆಂದು ಲಾರಿ ಹತ್ತಿ ಘಟ್ಟದಾಚೆ ಹೋದವನು. ಜೊತೆಗೆ ಹೋದವರೆಲ್ಲ ತಿರುಗಿ ಬಂದರು, ಅವನು ಬರಲಿಲ್ಲ. ಕಾಡಿನ ನಡುವೆ ಇಳಿದ ಎಂದು ಒಬ್ಬರು, ಕೇರಳದ ಬತ್ತೇರಿಯ ಸಂತೆಯಲ್ಲಿ ಕಂಡೆ ಎಂದು ಇನ್ನೊಬ್ಬರು. ಹೆಣವಿಲ್ಲ, ಸುದ್ದಿಯಿಲ್ಲ. ಅವನ ತಾಯಿ ಮಗ ಸತ್ತ ಎಂಬ ಮಾತನ್ನು ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ದಿನಾ ಅವನ ಪಾಲಿನ ಮುದ್ದೆ ಮುಚ್ಚಿಡುತ್ತಿದ್ದಳಂತೆ.

ಹಂಗಳದವಳು ಬಂದಾಗ ಸಾಹೇಬರು ಕತ್ತರಿ ಹಿಡಿದು ಹೆಣದ ಪಕ್ಕ ಕೂತಿದ್ದರು. ಅವಳಿಗೆ ಎಲ್ಲ ಅರ್ಥವಾಯಿತು. ಗಾಬರಿಯಾಗಲಿಲ್ಲ.

"ಏನಮ್ಮ ಇದು?" ಅಂದೆ. "ಮೊದಲೇ ಹೇಳಬಾರದಿತ್ತಾ?"

"ಅಳತೆ ಕೇಳುದ್ರಿ. ನನ್ಗೆ ಗೊತ್ತಿರ ಗಂಡ್ಸಿನ ಅಳತೆ ಒಂದೇಯ."

ಸಾಹೇಬರು ಸಮಾಧಾನವಾಗಿ ಹೇಳಿದರು. "ತಂಗಿ, ಹೊಲಿಗೆ ಬಿಚ್ಚಿಬಿಡ್ತೀನಿ. ಹೆಣಾನೇ ಬರೋದಿಲ್ಲ ಅಂತ ನಾಟಕ ತಿದ್ದಿ ಬರೀತೀನಿ. ಸಂಜೆಯೊಳಗೆ ಬೇರೆ ನಾಟಕ ಆಗುತ್ತೆ."

"ನಿಮ್ಗೆ ಬ್ಯಾರೆ ನಾಟ್ಕ ಸಿಕ್ತದೆ ಸಾಬ್ರೆ. ನನ್ಗೆ ಬ್ಯಾರೆ ಹೆಣ ಸಿಕ್ಕಾಕಿಲ್ಲ." ಅವಳು ಹೆಣದ ಪಕ್ಕ ಕೂತಳು. "ಊರಲ್ಲಿ ಯಾರ್ ಸತ್ರೂ ನನ್ನೇ ಕರೀತಾರೆ. ಎಲ್ಲಾರ್ನೂ ಅತ್ತು ಕಳುಸ್ದೆ. ನಮ್ಮನೇವ್ರಿಗೋಸ್ಕರ ಮಾತ್ರ ಒಂದ್ ಸೊಲ್ಲು ಎತ್ತಂಗಿಲ್ಲ. ಎದೇಲಿ ಇಟ್ಕಂಡು ಎಷ್ಟ್ ದಿನ ಅಂತ ಓಡಾಡ್ಲಿ?"

"ಎಲ್ಲರೆದುರು ಅತ್ತರೆ ಗಂಡ ಸತ್ತ ಅಂತ ನೀನೇ ಸಾರಿದ ಹಾಗೆ ಆಗುತ್ತೆ. ಊರವರು ನಿನ್ನ ಕುಂಕುಮ ಬಿಡ್ತಾರಾ?"

"ನಮ್ಮತ್ತೆ ನಾಟ್ಕ ನೋಡಾಕೆ ಬತ್ತೀನಿ ಅಂದದೆ. ಅತ್ತೆ ಬುಟ್ರೆ ಉಳೀತದೆ, ಬುಡ್ದಿದ್ರೆ ಓಯ್ತದೆ."

ಸಾಹೇಬರು ನನ್ನ ಮುಖ ನೋಡಿದರು. ನಿರ್ದೇಶಕಿ ನಾನು, ತೀರ್ಮಾನ ನನ್ನದು. ಬೇಡ ಅನ್ನುವುದು ಸುಲಭವಿತ್ತು, ಸರಿಯೂ ಇತ್ತೇನೋ. ಆದರೆ ಅವಳ ಮುಖ ನೋಡಿ ಕತ್ತರಿ ಒಳಗಿಡಿ ಎಂದೆ. ಸಾಹೇಬರು ಅಳುವಿಗೆಂದು ಬರೆದಿದ್ದ ಸಾಲುಗಳನ್ನೆಲ್ಲ ಹೊಡೆದುಹಾಕಿದರು. ಅಲ್ಲಿ ಏನು ಹೇಳಬೇಕು, ಎಷ್ಟು ಹೊತ್ತು ಹೇಳಬೇಕು ಎಂಬುದನ್ನು ಅವಳಿಗೇ ಬಿಟ್ಟೆವು.

ಭಾನುವಾರ ಹೆಣವನ್ನು ಬಸ್ಸಿನಲ್ಲೇ ಒಯ್ದೆವು. ಟಾಪಿನ ಮೇಲೆ ಹಾಕಿ ಎಂದ ಕಂಡಕ್ಟರು, ಹಮಾಲಿಗಳು ಅದನ್ನು ಎತ್ತಿ ತಂದ ರೀತಿ ನೋಡಿ ಸುಮ್ಮನಾದ. ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿದರು. "ನಾಟಕದ ಬೊಂಬೆ ಕಣಯ್ಯ," ಎಂದು ನಾನು ನಗುತ್ತಾ ಹೇಳಿದೆ. ಯಾರೂ ನಗಲಿಲ್ಲ. ಬಸ್ಸು ತುಂಬಿ ಜನ ಕಂಬಿ ಹಿಡಿದು ಜೋತಾಡುತ್ತಿದ್ದರೂ ಆ ಸೀಟಿನ ಅಂಚಿನಲ್ಲಿ ಕೂರಲು ಒಬ್ಬರೂ ಹೋಗಲಿಲ್ಲ. ಹಂಗಳದವಳು ಕಾಲ ಬಳಿ ನಿಂತು, ಹಳ್ಳಕ್ಕೆ ಬಸ್ಸು ಇಳಿದಾಗಲೆಲ್ಲ ಅದು ಉರುಳದಂತೆ ಅಂಗೈ ಒತ್ತಿ ಹಿಡಿಯುತ್ತಿದ್ದಳು.

ಚಾಮರಾಜನಗರದ ಶಾಲೆಯೊಂದರ ಸಭಾಂಗಣ. ನಮ್ಮದು ಕೊನೆಯ ನಾಟಕ. ಮುಂದಿನ ಸಾಲಿನಲ್ಲಿ ಬಿಳಿ ಸೀರೆಯ ಸಣಕಲು ಮುದುಕಿ ಕೂತಿದ್ದಳು. ಅವಳೇ ಅತ್ತೆ ಎಂದು ಸಾಹೇಬರು ತೋರಿಸಿದರು. ನಾನು ಸೈಡ್ ವಿಂಗಿನಲ್ಲಿ ಜಾಡಿಯ ಮುಂದೆ ದಾರ ಹಿಡಿದು ಕುಳಿತೆ. ಊರವರ ಭಾಗ ಅಚ್ಚುಕಟ್ಟಾಗಿ ಮುಗಿಯಿತು. ಎಲ್ಲರೂ ಹೊರಟುಹೋದರು. ಬೆಳಕನ್ನು ಹೆಣದ ಸುತ್ತ ಮಾತ್ರ ಉಳಿಸಿದೆ.

ಹಂಗಳದವಳು ಕೂತಳು. ಬಟ್ಟೆ ಸರಿಸಿ ಆ ಎಡಗಾಲ ಮೇಲೆ ಕೈಯಿಟ್ಟಳು. ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೆ ತೆರೆದಳು, ಮತ್ತೆ ಬರಲಿಲ್ಲ. ಅವಳ ಕಣ್ಣು ಮುಂದಿನ ಸಾಲಿನಲ್ಲೇ ಇತ್ತು. ಹದಿನೈದು ನಿಮಿಷದ ಗಂಟೆ ಹೊಡೆಯಿತು. ದೀಪ ಆರಿಸಿ ಎಂದು ವ್ಯವಸ್ಥಾಪಕರು ಆಚೆಯಿಂದ ಕೈ ಬೀಸಿದರು. ನಾನು ದಾರ ಎತ್ತಲಿಲ್ಲ.

ಆಗ ಮುದುಕಿ ಎದ್ದಳು. ಪಕ್ಕದ ಮೆಟ್ಟಿಲು ಹತ್ತಿ ರಂಗದ ಮೇಲೆ ಬಂದಳು. ಜನ ಇದೂ ನಾಟಕವೆಂದುಕೊಂಡರು. ಅವಳು ಹೆಣದ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಪಾದದಿಂದ ಮೇಲಕ್ಕೆ ಕೈಯಾಡಿಸುತ್ತಾ ಹೋದಳು. ಮೋಟು ಕಾಲು, ಮೊಣಕಾಲು, ಎದೆ, ಜಾರಿದ ಭುಜ. ಭುಜದ ಮೇಲೆ ಆ ಕೈ ಬಹಳ ಹೊತ್ತು ನಿಂತಿತು. ಜಾಡಿಯ ನೀರು ಕಾದು ಗುಳುಗುಳು ಎನ್ನುತ್ತಿತ್ತು. ನಾನು ದಾರ ಅಲ್ಲಾಡಿಸದಿದ್ದರೂ ಹೆಣದ ಮೇಲಿನ ಬೆಳಕು ಏರುತ್ತಿತ್ತು. ಕಾರಣ ನನಗೆ ಗೊತ್ತು. ಗೊತ್ತಿದ್ದೂ ತೋಳಿನ ಕೂದಲೆಲ್ಲ ನೆಟ್ಟಗಾದವು.

"ಅಲ್ಲ ಕಣಮ್ಮಿ," ಎಂದಳು ಮುದುಕಿ. ಇಡೀ ಸಭಾಂಗಣಕ್ಕೆ ಕೇಳಿತು. "ಇವ ನನ್ ಮಗ ಅಲ್ಲ."

ಮುದುಕಿ ಸೊಸೆಯ ಕಡೆ ತಿರುಗಿದಳು.

"ಯಾವಳೋ ಎತ್ತ ಮಗ. ಅಳೋರು ಯಾರೂ ಇದ್ದಂಗಿಲ್ಲ ಇವ್ನಿಗೆ. ನೀನಾರ ಅಳು."

ಅವಳು ಅತ್ತಳು. ಆ ದನಿ ಎಲ್ಲಿತ್ತೋ. ಸಂತೆಗೆ ಹೋದವರೆಲ್ಲ ಬಂದರಲ್ಲ, ನೀನ್ಯಾವ ಸಂತೆಯಲ್ಲಿ ನಿಂತೆಯೋ ಎಂದು ಶುರುವಾಗಿ, ಕಾಡು, ಘಟ್ಟ, ಹೆಸರು ಗೊತ್ತಿಲ್ಲದ ಊರುಗಳನ್ನೆಲ್ಲ ಸುತ್ತಿ, ಯಾರೆತ್ತ ಮಗನೋ ಯಾರೆತ್ತ ಮಗನೋ ಎಂದು ಮತ್ತೆ ಮತ್ತೆ ಅಲ್ಲಿಗೇ ಬರುತ್ತಿತ್ತು. ಪ್ರತಿ ಸಾಲಿನ ಕೊನೆಯನ್ನು ಅತ್ತೆ ಎತ್ತಿಕೊಳ್ಳುತ್ತಿದ್ದಳು. ವ್ಯವಸ್ಥಾಪಕರು ಬೀಸುತ್ತಿದ್ದ ಕೈ ಯಾವಾಗ ಕೆಳಗಿಳಿಸಿದರೋ ನೋಡಲಿಲ್ಲ. ನಾನು ಅಳುತ್ತಿದ್ದೆ.

ಮುಗಿದ ಮೇಲೆ ಚಪ್ಪಾಳೆ ಬೀಳಲಿಲ್ಲ, ಜನ ಮೆಲ್ಲಗೆ ಎದ್ದು ಹೋದರು. ಮುದುಕಿ ಸಾಹೇಬರನ್ನು ಕೇಳಿದಳು, "ಇದ್ನ ಏನ್ ಮಾಡೀರಿ?"

"ಹತ್ತಿ ಬಿಚ್ಚಿ ತೆಗೀಬೇಕು ಅಮ್ಮ."

"ಬ್ಯಾಡ. ಅತ್ತಾಯ್ತಲ್ಲ. ಅತ್ಮೇಲೆ ಮಣ್ಣಾಗ್ಬೇಕು. ಇಲ್ದಿದ್ರೆ ಮನೆ ಉಡುಕ್ಕಂಡು ತಿರುಗ್ತದೆ."

ಸೋಮವಾರ ಬೆಳಗ್ಗೆ ಹಂಗಳದ ಆಚೆ, ಅವರ ತುಂಡು ಹೊಲದ ಬದುವಿನಲ್ಲಿ ಹಮಾಲಿಗಳು ಗುಂಡಿ ತೆಗೆದರು. ಸಾಹೇಬರು ತಾವು ಹೊಲಿದ ಹೆಣದ ತಲೆಯ ಕಡೆ ಹಿಡಿದು ಇಳಿಸಿದರು. ರಂಗದ ಮೇಲೆ ಪಾತ್ರ ಸತ್ತು ಎದ್ದು ಕೈಮುಗಿಯುವುದನ್ನು ನೋಡಿ ಬೆಳೆದವಳು ನಾನು. ಬದುವಿನ ಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಊರವರು ಒಂದಿಬ್ಬರು ದೂರದಿಂದ ನೋಡುತ್ತಿದ್ದರು.

ಮುದುಕಿ ಬಾಗಿ ಒಂದು ಹಿಡಿ ಮಣ್ಣು ಹಾಕಿದಳು. ಸೊಸೆಯೂ ಬಾಗಿ ಹಿಡಿ ತುಂಬಿಕೊಂಡು ಗುಂಡಿಯ ಕಡೆ ಕೈ ಚಾಚಿದಳು. ಮುದುಕಿ ಥಟ್ಟನೆ ಆ ಮಣಿಕಟ್ಟು ಹಿಡಿದಳು.

"ನೀನು ಆಕ್ಬ್ಯಾಡ. ಇವ ನಿನ್ಗೆ ಏನೂ ಆಗ್ಬೇಕಾಗಿಲ್ಲ."

ಹಾಗೆಂದು ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳ ಅಂಗೈಯಲ್ಲಿದ್ದ ಮಣ್ಣನ್ನೆಲ್ಲ ತನ್ನ ಕೈಗೆ ಸುರಿದುಕೊಂಡು, ಅದನ್ನೂ ತಾನೇ ಹಾಕಿದಳು.